ಹಳದಿ ಮಕ್ಕಳು

"ನಿನ್ನ ಮಗೂಗೆ ಕೆಂಪು ಬಂತಂತೆ? ಪುಣ್ಯ ಮಾಡಿದ್ದೆ ಬಿಡೇ ತಾಯಿ!"

ಸಾಲಿನಲ್ಲಿ ನಿಂತ ಹೆಂಗಸೊಬ್ಬಳು ಮುಂದಿನವಳಿಗೆ ಹೀಗೆಂದದ್ದು ನರ್ಸಿನ ಕಿವಿಗೆ ಬಿತ್ತು. ಬಿತ್ತು ಅಷ್ಟೇ, ಒಳಗಿಳಿಯಲಿಲ್ಲ. ಎರಡು ವಾರದಿಂದ ಅವಳಿಗೆ ಎಲ್ಲವೂ ಹೀಗೆಯೇ, ಗೋಡೆಯಾಚೆ ಯಾರೋ ಮಾತಾಡುತ್ತಿರುವಂತೆ.

ನಿರಾಶ್ರಿತರ ಶಿಬಿರದ ಈ ತಗಡಿನ ಕೊಠಡಿಯಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ಮಕ್ಕಳ ತೋಳು ಅಳೆಯುತ್ತಿದ್ದಳು. ಭುಜಕ್ಕೂ ಮೊಣಕೈಗೂ ನಟ್ಟನಡುವೆ ಮೂರು ಬಣ್ಣದ ಅಳತೆಪಟ್ಟಿ ಸುತ್ತಬೇಕು. ಹಸಿರಿಗೆ ಬಂದರೆ ಮಗು ಚೆನ್ನಾಗಿದೆ. ಹಳದಿಗೆ ಬಂದರೆ ಸೊರಗುತ್ತಿದೆ. ಕೆಂಪೆಂದರೆ ಜೀವಕ್ಕೇ ಸಂಚಕಾರ. ಮೊದಲು ಹಳದಿಗೂ ಕೆಂಪಿಗೂ ಕಡಲೆಕಾಯಿ ಹಿಟ್ಟಿನ ಪೊಟ್ಟಣ ಸಿಗುತ್ತಿತ್ತು. ಎರಡು ವಾರದ ಹಿಂದೆ ಸರ್ಕಾರ ನೆರವು ಕಡಿತ ಮಾಡಿದ ಮೇಲೆ ಕೆಂಪಿಗೆ ಮಾತ್ರ. 'ನಿಜವಾಗಿ ಅಗತ್ಯವಿರುವವರಿಗೆ' ಎಂದು ಆದೇಶದಲ್ಲಿತ್ತು.

"ಆದೇಶ ಬರೆದೋರ ತೋಳು ಅಳೆಯೋಕೆ ಹೋದ್ರೆ ನಮ್ಮ ಪಟ್ಟಿನೇ ಸಾಲಲ್ಲ ಅಕ್ಕಾ," ಎಂದು ಆಯಾ ನಗಿಸಲು ನೋಡಿದ್ದಳು. ನರ್ಸಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮನೆಯಲ್ಲಿ ಗಂಡ, "ನೀನು ಅಳೆಯೋಳು ಕಣೇ, ಹಂಚೋಳಲ್ಲ. ಬಂಡೆಗೆ ತಲೆ ಚಚ್ಚಿಕೊಂಡ್ರೆ ಒಡೆಯೋದು ಬಂಡೆಯಲ್ಲ," ಎಂದಿದ್ದ. ಅದಕ್ಕೂ ಅವಳು ಹೂಂಗುಟ್ಟಿ ತಟ್ಟೆ ತೊಳೆಯಲು ಎದ್ದಿದ್ದಳು.

ಇವತ್ತು ಬೆಳಗಿನಿಂದ ಮೇಲ್ವಿಚಾರಕರು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಅವರ ತೊಡೆಯ ಮೇಲೊಂದು ಫಾರಂ. 'ಹಳದಿ ಮಕ್ಕಳಿಗೆ ಆಹಾರ ನಿಲ್ಲಿಸಿದ್ದರಿಂದ ಯಾವ ತೊಂದರೆಯೂ ಕಂಡುಬಂದಿಲ್ಲ' ಎಂದು ಅದರಲ್ಲಿ ಮೊದಲೇ ಅಚ್ಚಾಗಿತ್ತು. ಕೆಳಗೆ ನರ್ಸಿನ ಸಹಿ ಬೀಳಬೇಕಿತ್ತು.

"ಬೇರೆ ಕೇಂದ್ರದವರೆಲ್ಲ ಹಾಕಿದ್ದಾರಮ್ಮ. ನಿಮ್ಮದೊಂದು ಬಿದ್ರೆ ಕಡಿತ ಕಾಯಂ ಆಗುತ್ತೆ, ನನ್ನ ಓಡಾಟನೂ ತಪ್ಪುತ್ತೆ."

"ಸಾಲು ಮುಗೀಲಿ ಸಾರ್."

ಎರಡು ವರ್ಷದ ಹೆಣ್ಣುಮಗುವನ್ನು ಎತ್ತಿಕೊಂಡು ಒಬ್ಬ ತಾಯಿ ಮುಂದೆ ಬಂದಳು. ಮಗು ಅಳಲೂ ಇಲ್ಲ, ಕೈ ಕೊಸರಲೂ ಇಲ್ಲ. ಪಟ್ಟಿ ಹನ್ನೊಂದೂ ಮುಕ್ಕಾಲು ಸೆಂಟಿಮೀಟರ್ ತೋರಿಸಿತು, ಕೆಂಪಿಗೆ ಇನ್ನು ಕಾಲು ಸೆಂಟಿಮೀಟರ್.

"ಹಳದಿ."

"ಇನ್ನೊಂದ್ಸಲ ನೋಡಕ್ಕಾ."

ನೋಡಿದಳು. ಅಷ್ಟೇ ಇತ್ತು.

"ಮೂರು ದಿನದಿಂದ ರಾತ್ರಿ ಗಂಜಿ ಕೊಟ್ಟಿಲ್ಲ. ಆದ್ರೂ ಇಳೀಲಿಲ್ವಲ್ಲ," ಎಂದಳು ತಾಯಿ, ಒದ್ದೆ ಸೌದೆಗೆ ಬೆಂಕಿ ಹತ್ತಲಿಲ್ಲ ಎನ್ನುವ ದನಿಯಲ್ಲಿ.

"ಯಾಕೆ ಕೊಟ್ಟಿಲ್ಲ?"

"ಇದೊಂದು ಕೆಂಪಾದ್ರೆ ಪೊಟ್ಟಣ ಬರುತ್ತೆ, ಮೂರು ಮಕ್ಕಳೂ ತಿಂತಾವೆ. ಇದು ಚಿಕ್ಕದು, ಬೇಗ ಇಳಿಯುತ್ತೆ ಅಂತ... ನಾನೊಬ್ಬಳೇ ಅಲ್ಲಕ್ಕಾ, ಎಲ್ಲರೂ ಹಂಗೇ ಮಾಡ್ತಿರೋದು."

ಸಾಲಿನಲ್ಲಿ ಯಾರೂ ಅಲ್ಲವೆನ್ನಲಿಲ್ಲ. ಮೂಲೆಯಲ್ಲಿ ಮೇಲ್ವಿಚಾರಕರು ಫಾರಂನಿಂದ ತಲೆಯೆತ್ತಿದರು.

ಹೆಬ್ಬೆರಳಿನಿಂದ ಪಟ್ಟಿಯನ್ನು ಚೂರು ಒತ್ತಿದರೆ ಸಾಕು, ಕೆಂಪು ಬರುತ್ತದೆ. ಅದು ನರ್ಸಿಗೆ ಗೊತ್ತಿತ್ತು. ಒತ್ತಿದರೆ ಈ ಮಗುವಿಗೆ ಸಿಗುತ್ತದೆ. ಆದರೆ ಫಾರಂನಲ್ಲಿ ಅಚ್ಚಾದ ಆ ಸಾಲು ಹಾಗೇ ಉಳಿಯುತ್ತದೆ, ಹಿಂದೆ ನಿಂತವರ ಮನೆಯಲ್ಲಿ ಇಂದೂ ಗಂಜಿ ತಪ್ಪುತ್ತದೆ. ಅವಳು ಪಟ್ಟಿ ಬಿಚ್ಚಿದಳು. ಎದ್ದು ಹೋಗಿ ಮೇಲ್ವಿಚಾರಕರ ತೊಡೆಯ ಮೇಲಿನ ಫಾರಂ ತೆಗೆದುಕೊಂಡಳು.

"ನೀನು ಹೇಳಿದ್ದನ್ನ ಬರೀತೀನಿ."

"ಅಯ್ಯೋ ಬೇಡಕ್ಕಾ! ಮಗೂನ ಕಿತ್ಕೋತಾರೆ."

"ನಿನ್ನ ಹೆಸರು ಹಾಕಲ್ಲ. ನಂದು ಹಾಕ್ತೀನಿ."

ಅಚ್ಚಾದ ಸಾಲನ್ನು ಹೊಡೆದುಹಾಕಿ ಬರೆದಳು: 'ಪೊಟ್ಟಣ ಸಿಗಲೆಂದು ತಾಯಂದಿರು ಮಕ್ಕಳನ್ನು ಉಪವಾಸ ಕೆಡವುತ್ತಿದ್ದಾರೆ. ಕಿವಿಯಾರೆ ಕೇಳಿದ್ದೇನೆ. ಈ ಕಡಿತಕ್ಕೆ ನನ್ನ ವಿರೋಧವಿದೆ.' ಸಹಿ ಹಾಕಿದಳು. ಫಾರಂ ಮೇಲ್ವಿಚಾರಕರ ಕೈಗಿತ್ತಳು.

ಮೇಲ್ವಿಚಾರಕರು ಓದಿದರು. "ಇದು ಹೋದ್ರೆ ನಿಮ್ಮನ್ನ ಎತ್ತಂಗಡಿ ಮಾಡ್ತಾರೆ. ಕೆಲಸಕ್ಕೇ ಕುತ್ತು ಬಂದ್ರೂ ಬಂತು. ಇದನ್ನ ಹರಿದು ಬೇರೆ ಕೊಡ್ಲಾ?"

"ಕೊಟ್ರೂ ಇದನ್ನೇ ಬರೀತೀನಿ ಸಾರ್."

"ನಾನೇನು ಕಟುಕ ಅಲ್ಲಮ್ಮ," ಎಂದರು ಅವರು. ಹಾಗೆಂದು ಯಾರೂ ಅಂದಿರಲಿಲ್ಲ. ಫಾರಂ ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದುಹೋದರು. ಅದನ್ನು ಮೇಲಕ್ಕೆ ಕಳಿಸುತ್ತಾರೋ ದಾರಿಯಲ್ಲಿ ಹರಿಯುತ್ತಾರೋ ಮುಖ ನೋಡಿ ಹೇಳುವಂತಿರಲಿಲ್ಲ.

ನರ್ಸು ಕೆಂಪಿನ ಮಕ್ಕಳಿಗೆಂದು ಪೊಟ್ಟಣಗಳ ಎರಡು ಪೆಟ್ಟಿಗೆ ಬದಿಗಿಟ್ಟು ಮೂರನೆಯದನ್ನು ಒಡೆದಳು. ಒಂದು ವಾರದ ಪೊಟ್ಟಣ ತೆಗೆದು ತಾಯಿಯ ಸೆರಗಿಗೆ ಹಾಕಿದಳು. ಪುಸ್ತಕದಲ್ಲಿ 'ಹಳದಿ, ಕೊಟ್ಟಿದೆ' ಎಂದು ಬರೆದಳು.

"ಹಂಗಾದ್ರೆ ಕೆಂಪಾಯ್ತಾ?"

"ಇಲ್ಲ. ರಾತ್ರಿ ಗಂಜಿ ಕೊಡು. ಮೂವರಿಗೂ ಕೊಡು."

ತಾಯಿ ನಂಬಿದಂತೆ ಕಾಣಲಿಲ್ಲ. ಯಾರಾದರೂ ವಾಪಸು ಕಸಿದುಕೊಂಡಾರೆಂಬಂತೆ ಸೆರಗು ಬಿಗಿಹಿಡಿದು ಹಿಂದೆ ಹಿಂದೆಯೇ ಸರಿದು ಹೋದಳು. ಉಳಿದವರು ಎಲ್ಲವನ್ನೂ ನೋಡಿದ್ದರು.

"ಈ ಪೆಟ್ಟಿಗೆ ಮಧ್ಯಾಹ್ನದವರೆಗೆ ಬಂದೀತು," ಎಂದಳು ಆಯಾ ಮೆಲ್ಲಗೆ. "ಆಮೇಲೇನು ಮಾಡ್ತೀಯಕ್ಕಾ?"

ನರ್ಸು ಪಟ್ಟಿ ಕೈಗೆತ್ತಿಕೊಂಡಳು.

"ಮುಂದಿನವರು ಬನ್ನಿ," ಎಂದಳು.