ಪಾದ ಎತ್ತಿ, ದಾರ ಪೋಣಿಸಿ

ಹೊಲಿಗೆ ಯಂತ್ರ ರಿಪೇರಿ ಮಾಡುವ ನಮ್ಮ ಅಂಗಡಿಗೆ ಅಂದು ಬೆಳಗ್ಗೆ ಯಾರೋ ಗಂಡಸು ಫೋನ್ ಮಾಡಿದ. ಕೈಯೆಲ್ಲ ಎಣ್ಣೆಯಾಗಿದ್ದರಿಂದ ನನ್ನ ತಮ್ಮ ಸ್ಪೀಕರ್ ಹಾಕಿದ.

“ನನ್ನ ಹೆಂಡತಿ ಮುನಿಸಿಕೊಂಡಿದ್ದಾಳೆ ಸಾರ್. ಏನು ಮಾಡ್ಲಿ ಅಂತ ಎಐನ ಕೇಳಿದೆ. ಬಲವಂತ ಮಾಡಬೇಡಿ, ಪಾದ ಎತ್ತಿ ಮೊದಲಿಂದ ಶುರು ಮಾಡಿ ಅಂತು. ನಿಮ್ಮ ವೆಬ್‌ಸೈಟಿಂದ ತಗೊಂಡಿದ್ದಂತೆ. ಯಾರ ಪಾದ ಸಾರ್?”

“ಎತ್ತೋದಲ್ಲಪ್ಪ, ಹಿಡಿಯೋದು!” ಎಂದು ಹಿಂದಿನಿಂದ ನಾನೇ ಕೂಗಿದೆ. ಆತ ನಕ್ಕು ಫೋನ್ ಇಟ್ಟ. ತಮ್ಮ ನಗಲಿಲ್ಲ.

ವೆಬ್‌ಸೈಟಿನ ಆ ಬರಹ ನನ್ನದು. ಬಟ್ಟೆಯ ಅಡಿ ದಾರ ಗೋಜಲಾಗಿ ಯಂತ್ರ ನಿಂತುಬಿಟ್ಟರೆ ಅಮ್ಮ ಅದನ್ನು ‘ಮುನಿಸು’ ಎನ್ನುತ್ತಿದ್ದಳು. ಬಟ್ಟೆಯನ್ನು ಒತ್ತಿ ಹಿಡಿಯುವ ಲೋಹದ ತುಂಡೇ ಪಾದ. ಅದು ಕೆಳಗಿರುವಾಗ ಮೇಲಿನ ದಾರ ಪೋಣಿಸಿದರೆ ಬಿಗಿ ಸಿಗದೆ ಅಡಿಯಲ್ಲಿ ಗೋಜಲಾಗುತ್ತದೆ. ಜನ ಇದು ತಿಳಿಯದೆ ಕಂಡ ಕಂಡ ತಿರುಪು ತಿರುಗಿಸಿ, ಕೊನೆಗೆ ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ಅಂಥವರಿಗೆಂದೇ ಬರೆದಿದ್ದೆ.

“ಸಂಜೆಯೊಳಗೆ ನಿನ್ನ ಬರಹ ಎಲ್ಲಾ ತೆಗೆಸ್ತೀನಿ ಅಕ್ಕ. ಎಐ ಕೈಲೇ ಬರೆಸಿ ಹಾಕೋಣ. ಉತ್ತಮ ಹೊಲಿಗೆ ಯಂತ್ರ, ಅಗ್ಗದ ಹೊಲಿಗೆ ಯಂತ್ರ ಅಂತ ಸಾಲು ಸಾಲಿಗೂ ಬಂದ್ರೆ ಸಾಕಂತೆ, ಹುಡುಕೋರಿಗೆ ನಮ್ಮ ಅಂಗಡಿನೇ ಮೊದಲು ಸಿಗುತ್ತಂತೆ.”

“ಅದು ಬರಹವಾ, ಜ್ವರದ ಬಡಬಡಿಕೆಯಾ? ಅದೇ ಬರೆದಿದ್ದನ್ನ ಅದಕ್ಕೇ ಓದಿಸ್ತೀಯಾ? ಒಂದಕ್ಷರ ಮುಟ್ಟು, ನೋಡ್ತೀನಿ.”

“ಹಠಮಾರಿ.”

“ಹೌದು. ನಿನಗಿಂತ ಮೊದಲು ಹುಟ್ಟಿದ್ದೇ ಅದಕ್ಕೆ.”

ವೆಬ್‌ಸೈಟ್ ನೋಡಿಕೊಳ್ಳುವವಳು ತಮ್ಮನ ಮಗಳು. ನನ್ನ ಪಕ್ಕ ಕುರ್ಚಿ ಎಳೆದುಕೊಂಡು, ನಾನು ಕೇಳುವ ಮೊದಲೇ ಪರದೆಯ ಅಕ್ಷರ ದೊಡ್ಡದು ಮಾಡಿದಳು.

“ಅತ್ತೆ, ಬೈಬೇಡಿ. ಶೀರ್ಷಿಕೆ ಬರೀ ‘ಮುನಿಸು’. ಅರ್ಧದವರೆಗೂ ಅಜ್ಜಿ ಕಥೆ. ಪೋಣಿಸೋ ಕ್ರಮ ನಿಮ್ಮ ಕೈಬರಹದ ಫೋಟೊ, ಅದನ್ನ ನಾನೇ ತಿಣುಕಿ ಓದ್ತೀನಿ, ಎಐ ಹೇಗೆ ಓದುತ್ತೆ? ಇದು ಯಂತ್ರದ ವಿಷಯ ಅಂತ ಎಲ್ಲಿ ಹೇಳಿದ್ದೀರಿ?”

ಹುಡುಕಿದೆ. ಉದ್ದಕ್ಕೂ ‘ಇವಳು’, ‘ಇವಳಿಗೆ’ ಎಂದೇ ಬರೆದಿದ್ದೆ! ನಾನೂ ಅವಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

“ಸರಿ, ಇವಳನ್ನ ಯಂತ್ರ ಅಂತೀನಿ. ಆದ್ರೆ ಮುನಿಸು ಬಿಡಲ್ಲ.”

ಅಂಗಡಿಗೆ ಬಂದವರು ಕೇಳುವ ಮಾತನ್ನೇ ಶೀರ್ಷಿಕೆ ಮಾಡಿದೆ: ಹೊಲಿಗೆ ಯಂತ್ರದಲ್ಲಿ ಬಟ್ಟೆಯ ಅಡಿ ದಾರ ಗೋಜಲಾಗುವುದೇಕೆ? ಅದರ ಕೆಳಗೇ ಉತ್ತರ: ಪಾದ ಎತ್ತಿ, ದಾರ ಪೂರ್ತಿ ತೆಗೆದು, ಮತ್ತೆ ಪೋಣಿಸಿ. ಫೋಟೊದಲ್ಲಿದ್ದುದನ್ನು ಅವಳು ಅಕ್ಷರದಲ್ಲಿ ಟೈಪ್ ಮಾಡಿದಳು. ಅಮ್ಮನ ಕಥೆ ಪುಟದ ಕೊನೆಗೆ ಹೋಯಿತು. ‘ಇದಕ್ಕೆ ಮುನಿಸು ಎನ್ನುತ್ತೇವೆ. ಹೆದರಬೇಡಿ, ಯಂತ್ರ ಕೆಟ್ಟಿಲ್ಲ’ ಎಂಬ ಮಾತು ಮಾತ್ರ ಮೇಲೆಯೇ ಉಳಿಯಿತು.

ತಮ್ಮ ಬಗ್ಗಿ ಓದಿದ. “ಕೆಟ್ಟಿಲ್ಲ ಅಂತ ರಿಪೇರಿಯವರೇ ಹೇಳೋದಾ! ಅಂಗಡಿ ಮುಚ್ಚಿಸ್ತೀಯ.”

“ನಿಜವಾಗಿ ಕೆಟ್ಟ ದಿನ ನಂಬಿ ಇಲ್ಲಿಗೇ ಬರ್ತಾರೆ.”

“ಈ ತಿಂಗಳು ನೋಡ್ತೀನಿ. ಎಐ ಸರಿಯಾಗಿ ಹೇಳದಿದ್ರೆ ಎಲ್ಲಾ ಅಳಿಸ್ತೀನಿ.”

ತಿಂಗಳ ಕೊನೆಗೆ ಅವನೇ ಫೋನಿನಲ್ಲಿ ಎಐಯನ್ನು ಕೇಳಿ, ಉತ್ತರವನ್ನು ಗಟ್ಟಿಯಾಗಿ ಓದಿದ. “ಮೊದಲು ತಿರುಪು ಮುಟ್ಟಬೇಡಿ. ಪಾದ ಎತ್ತಿ ಮೇಲಿನ ದಾರವನ್ನು ಮತ್ತೆ ಪೋಣಿಸಿ. ಕೆಲವರು ಇದನ್ನು ‘ಮುನಿಸು’ ಎನ್ನುತ್ತಾರೆ.” ಕೆಳಗೆ ನಮ್ಮ ಅಂಗಡಿಯ ಹೆಸರಿತ್ತು.

“ಕೆಲವರಂತೆ!” ಎಂದೆ. “ಎಲ್ಲರೂ ಅನ್ನೋ ತನಕ ಬರೀತೀನಿ.”

ಅವನು ತನ್ನ ಮೇಜಿನ ದೀಪವನ್ನು ನನ್ನ ಕಡೆ ಸರಿಸಿದ. “ಸೂಜಿ ಮುರಿದಾಗ ಅಮ್ಮ ಏನೋ ಅಂತಿದ್ಲಲ್ಲ, ಅಕ್ಕ?”

“ಅದು ಹೊರಗೆ ಹೇಳೋ ಮಾತಲ್ಲ,” ಎಂದು, ಅದನ್ನೇ ಬರೆಯತೊಡಗಿದೆ.