ಮಾವ ಕೂರಿಸಿದ ಬ್ರೇಕು

ಗಾಜಿನ ಅಂಗಡಿಯ ಸೊಸೆ ಇಳಿಜಾರಿಗೆ ಹೆದರಿದವಳಲ್ಲ. ಕಿಟಕಿ ಗಾಜುಗಳನ್ನು ಹಳೆಯ ಪಿಕಪ್‌ನಲ್ಲಿ ಹೇರಿಕೊಂಡು ಊರೆಲ್ಲ ಸುತ್ತುವ ಕೆಲಸ ಅವಳದೇ. ಆದರೆ ಹೋದ ವಾರ, ನಿಂತ ನೀರು ದಾಟಿ ಶಾಲೆಯ ಇಳಿಜಾರಿಗೆ ಬಂದಾಗ ಬ್ರೇಕ್ ಒತ್ತಿದರೆ ಗಾಡಿ ನಿಲ್ಲದೆ ಎಡಕ್ಕೆ ಎಳೆಯಿತು. ಮುಂದಿನ ಚಕ್ರಗಳ ಬ್ರೇಕ್ ಡ್ರಮ್ಮಿನೊಳಗೆ ನೀರು ಹೊಕ್ಕಿತ್ತು. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸುವಷ್ಟರಲ್ಲಿ, ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಹೆಂಗಸಿಗೂ ಬಂಪರಿಗೂ ನಡುವೆ ಉಳಿದದ್ದು ಒಂದೇ ಗೇಣು. ಅಂದಿನಿಂದ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

"ಡ್ರಮ್ ಕಿತ್ತು ಡಿಸ್ಕ್ ಬ್ರೇಕ್ ಹಾಕೋಣ, ಅದಕ್ಕೆ ನೀರಿನ ಕಾಟ ಕಡಿಮೆ," ಅಂದರು ಮಾವ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಬ್ರೇಕ್ ಕೆಲಸ ಮಾಡಿದವರು. "ಹೊರಗಿನವರ ಕೈಗೆ ಯಾಕೆ? ನಾನೇ ಮಾಡ್ತೀನಿ."

ಅವಳಿಗೆ ಅದೇ ಭಯ. ಎರಡು ತಿಂಗಳಿಂದ ಮಾವನಿಗೆ ಮರೆವು. ಕನ್ನಡಕ ಹಣೆಯ ಮೇಲಿಟ್ಟು ಮನೆಯೆಲ್ಲ ಹುಡುಕುವುದು ಯಾರಿಗಿಲ್ಲ? ಆದರೆ ಮೊನ್ನೆ ಒಲೆಯ ಮೇಲೆ ಖಾಲಿ ಪಾತ್ರೆ ಇಟ್ಟು, ಅದು ಕೆಂಪಗೆ ಕಾಯುವವರೆಗೆ ಎದುರಿಗೇ ಕೂತಿದ್ದರು. ಗಂಡನಿಗೆ ಹೇಳಿದರೆ, "ಬೇಡ ಅಂದ್ರೆ ಅಪ್ಪ ಕುಗ್ಗಿಹೋಗ್ತಾರೆ. ನೀನೊಂದು ಕಣ್ಣಿಟ್ಟಿರು," ಎಂದು ಕೈತೊಳೆದುಕೊಂಡ. ಗಾಡಿ ಓಡಿಸುವವಳು ಅವಳು, ಕಣ್ಣಿಡುವವಳೂ ಅವಳೇ.

ಭಾನುವಾರ ಬೆಳಗ್ಗೆ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ತುಕ್ಕು ಹಿಡಿದ ಡ್ರಮ್ಮು ಸುತ್ತಿಗೆಯ ಏಟಿಗೂ ಜಗ್ಗಲಿಲ್ಲ.

"ಇದು ನಿಮ್ಮತ್ತೆ ಥರ. ಗದರಿದ್ರೆ ಬರಲ್ಲ, ಸುತ್ತಲೂ ಮೆಲ್ಲಗೆ ತಟ್ಟಬೇಕು," ಅಂದರು ಮಾವ. ಒಳಗಿನಿಂದ ಅತ್ತೆ ಕೆಮ್ಮಿದ್ದು ಕೇಳಿಸಿತು.

ಕೈಗಳಿಗೆ ಎಲ್ಲ ನೆನಪಿದ್ದಂತಿತ್ತು. ಬೇರಿಂಗಿಗೆ ಗ್ರೀಸು, ಹೊಳೆಯುವ ಡಿಸ್ಕ್ ತಟ್ಟೆ, ಅದನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಕ್ಯಾಲಿಪರು, ಹೊಸ ಹೋಸು ಪೈಪುಗಳು, ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ, ಡಿಸ್ಕಿಗೆ ಹೊಂದುವ ಮಾಸ್ಟರ್ ಸಿಲಿಂಡರು. ಅವರು ಆ ಕಡೆ ತಿರುಗಿದಾಗಲೆಲ್ಲ ಅವಳು ಬೋಲ್ಟುಗಳನ್ನು ಮತ್ತೊಮ್ಮೆ ತಿರುವಿ ನೋಡುತ್ತಿದ್ದಳು. ಒಂದೂ ಸಡಿಲವಿರಲಿಲ್ಲ. ಆದರೂ ಜೀವಕ್ಕೆ ನೆಮ್ಮದಿಯಿಲ್ಲ.

ಮಧ್ಯಾಹ್ನ ಬ್ರೇಕಿನ ಎಣ್ಣೆ ತುಂಬಿ, ಪೈಪುಗಳೊಳಗೆ ಉಳಿದು ಬ್ರೇಕ್ ಹಿಡಿಯಗೊಡದ ಗಾಳಿ ತೆಗೆಯಲು ಕೂತರು. ಅವಳು ಪೆಡಲ್ ತುಳಿಯಬೇಕು, ಮಾವ ಕ್ಯಾಲಿಪರಿನ ತಿರುಪಿಗೆ ನಳಿಕೆ ಸಿಕ್ಕಿಸಿ ಅದನ್ನು ಸಡಿಲಿಸಬೇಕು.

"ಒತ್ತು... ಹಿಡ್ಕೋ... ಬಿಡು."

ನಾಲ್ಕು ಸುತ್ತು ಮುಗಿದರೂ ಪೆಡಲ್ ಹತ್ತಿಯ ಮೂಟೆ ತುಳಿದ ಹಾಗೆ ನೆಲ ಮುಟ್ಟುತ್ತಿತ್ತು.

"ಗುಳ್ಳೆ ಬರೋದು ನಿಂತಿದೆ, ಒಳಗೆ ಗಾಳಿಯಿಲ್ಲ. ನಿನಗೇ ತುಳಿಯೋಕೆ ಬರಲ್ಲ!" ಮಾವ ರೇಗಿದರು. ಅವಳ ಮೇಲೆ ಎಂದೂ ರೇಗಿದವರಲ್ಲ.

ಅವಳು ಇಳಿದು ಬಂದು ಬಗ್ಗಿ ನೋಡಿದಳು. ತಿರುಪು ಕ್ಯಾಲಿಪರಿನ ಕೆಳತುದಿಯಲ್ಲಿತ್ತು. ಗಾಳಿ ಮೇಲಕ್ಕೇರುತ್ತದೆ ಎಂದು ತಿಳಿಯಲು ಮೆಕ್ಯಾನಿಕ್ ಆಗಬೇಕೇ? ಇನ್ನೊಂದು ಚಕ್ರದಲ್ಲೂ ಹಾಗೆಯೇ. ಎಡದ ಕ್ಯಾಲಿಪರು ಬಲಕ್ಕೆ, ಬಲದ್ದು ಎಡಕ್ಕೆ ಕೂತಿತ್ತು. ಬಾಯಲ್ಲಿ ಬಿಸಿ ತುಪ್ಪ. ಹೇಳಿದರೆ ಮಾವ ನೊಂದುಕೊಳ್ಳುತ್ತಾರೆ. ಹೇಳದಿದ್ದರೆ ಇಳಿಜಾರು ಕಾದಿದೆ.

"ಮಾವ, ತಿರುಪು ಕೆಳಗಿದ್ರೆ ಗಾಳಿ ಹೇಗೆ ಹೊರಗೆ ಬರುತ್ತೆ?"

ಅವರು ಮಂಡಿಯೂರಿ ನೋಡಿದರು. ಆ ಕಡೆಗೂ ಹೋಗಿ ನೋಡಿ ಬಂದರು. ಮುಖ ಸುಣ್ಣದಂತಾಗಿತ್ತು.

"ಮೂವತ್ತು ವರ್ಷದಲ್ಲಿ ಒಂದು ದಿನವೂ ಹೀಗೆ ಮಾಡಿಲ್ಲ ಕಣಮ್ಮ." ನೆಲದ ಮೇಲೆ ಕುಸಿದು ಕೂತರು. ಕೈಯ ಗ್ರೀಸು ಒರೆಸಿಕೊಳ್ಳುತ್ತ, "ನೀನು ನನ್ನ ಹಿಂದೆ ಬೋಲ್ಟ್ ಪರೀಕ್ಷೆ ಮಾಡ್ತಿರೋದು ನಂಗೆ ಗೊತ್ತಿತ್ತು," ಅಂದರು.

ಅವಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

"ನೀನು ನೋಡ್ತಿದ್ದೀಯ ಅಂತಲೇ ನಾನು ಧೈರ್ಯವಾಗಿ ಬಿಗೀತಿದ್ದೆ. ಈಗ ಸ್ಪ್ಯಾನರ್ ನೀನು ಹಿಡಿ, ನಾನು ಹೇಳ್ತೀನಿ. ತಪ್ಪು ಹೇಳಿದ್ರೆ ಬೈದುಬಿಡು."

ಕ್ಯಾಲಿಪರುಗಳನ್ನು ಅವಳೇ ಅದಲುಬದಲು ಮಾಡಿದಳು. ಈ ಸಲ ತಿರುಪು ಸಡಿಲಿಸುತ್ತಲೇ ನಳಿಕೆಯಲ್ಲಿ ಬುಳುಬುಳು ಗುಳ್ಳೆಗಳು. ಮೂರನೇ ಸುತ್ತಿಗೆ ಪೆಡಲ್ ಅರ್ಧದಲ್ಲೇ ಕಲ್ಲಿನಂತೆ ನಿಂತಿತು.

ಅಂಗಳದಲ್ಲಿ ಹತ್ತು ಸಲ ನಿಲ್ಲಿಸಿ ನೋಡಿದ ಮೇಲೆ, ಬಿಸಿಲು ಇಳಿಯುವ ಮೊದಲು, ಖಾಲಿ ಗಾಡಿಯನ್ನು ಶಾಲೆಯ ಇಳಿಜಾರಿಗೆ ತಂದಳು. ಮಾವ ಪಕ್ಕದಲ್ಲೇ ಹತ್ತಿ ಕೂತಿದ್ದರು.

"ನೀವು ಇಳೀರಿ ಮಾವ."

"ಬ್ರೇಕ್ ಕೂರಿಸಿದವನು ನಾನು. ನಿನ್ನೊಬ್ಬಳನ್ನೇ ಕಳಿಸಲಾ?"

ರಜೆಯ ದಿನ, ರಸ್ತೆ ಖಾಲಿ. ಗಾಡಿ ವೇಗ ಹಿಡಿಯಿತು. ಶಾಲೆಯ ಗೇಟು ಹತ್ತಿರವಾಗುತ್ತಿದ್ದಂತೆ ಅವಳು ಬ್ರೇಕ್ ಒತ್ತಿದಳು. ಗಾಡಿ ಮೂಗು ತಗ್ಗಿಸಿ, ಎಡಕ್ಕೂ ಬಲಕ್ಕೂ ಅಲುಗದೆ, ಗೆರೆ ಎಳೆದ ಹಾಗೆ ನಿಂತಿತು. ಮಾವ ಬಾಗಿಲ ಹಿಡಿ ಬಿಟ್ಟಿರಲಿಲ್ಲ, ಬೆರಳುಗಳು ಬಿಳುಪೇರಿದ್ದವು.

"ಇನ್ನೆರಡು ಸಲ ನೋಡೋಣ," ಅಂದರು. ಆಮೇಲೆ, ಮುಂದಿನ ಗಾಜನ್ನೇ ನೋಡುತ್ತ, "ನಾಳೆ ನನ್ನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗು. ಮೊದಲು ನಾವಿಬ್ಬರೇ ಹೋಗೋಣ. ಅವರು ಏನಂತಾರೋ ಕೇಳಿ ಆಮೇಲೆ ಮನೇಲಿ ಹೇಳೋಣ."

ಅವಳು "ಹೂಂ" ಎಂದು ಗಾಡಿಯನ್ನು ಮೇಲಕ್ಕೆ ತಿರುಗಿಸಿದಳು.