ಅಣ್ಣನ ಗಾಡಿಗೆ ಕಾರ್ಬುರೇಟರ್

ವರ್ಕ್‌ಶಾಪ್ ಸಾಲಿನಲ್ಲಿ ಅವನನ್ನು ಎಲ್ಲರೂ ಕಾರ್ಬು ಅಂತಲೇ ಕರೆಯುತ್ತಿದ್ದರು. ಆ ಹೆಸರಿಟ್ಟವನು ಸ್ವಂತ ಅಣ್ಣ. ಇಬ್ಬರೂ ಒಂದೇ ಶೆಡ್ಡಿನಲ್ಲಿದ್ದಾಗ ಅಣ್ಣ ಕಂಪ್ಯೂಟರ್ ಹಿಡಿದು, ಪೆಟ್ರೋಲನ್ನು ಕಂಪ್ಯೂಟರ್ ಪೆಟ್ಟಿಗೆಯೇ ಅಳೆದು ಕೊಡುವ ಇಂಜೆಕ್ಷನ್ ಗಾಡಿಗಳ ಕೆಲಸ ಕಲಿತ. ತಮ್ಮ ಹಳೆಯ ಕಾರ್ಬುರೇಟರ್ ಗಾಡಿಗಳನ್ನು ಬಿಟ್ಟು ಬೇರೆ ಕಲಿಯಲಿಲ್ಲ. "ಇಂಜಿನ್ ಸದ್ದು ಕೇಳಿದ್ರೇ ಕಾಯಿಲೆ ಗೊತ್ತಾಗೋನಿಗೆ ಮಷಿನ್ ಯಾಕೆ?" ಅಂದ.

"ನಿನ್ನ ಕಾರ್ಬುರೇಟರು ನಿನ್ನ ಜೊತೆಗೇ ಗುಂಡಿಗೆ ಹೋಗುತ್ತೆ ಕಣೋ ಕಾರ್ಬು" ಅಂತ ಅಣ್ಣ ಗಿರಾಕಿಗಳ ಮುಂದೆಯೇ ನಕ್ಕ. ಅವತ್ತೇ ತಮ್ಮ ಸ್ಪ್ಯಾನರುಗಳನ್ನು ಗಂಟು ಕಟ್ಟಿಕೊಂಡು ಎದುರಿನ ಶೆಡ್ಡಿಗೆ ಹೋದ. ಆಮೇಲೆ ಒಂಬತ್ತು ವರ್ಷ, ಹದಿನೈದು ಅಡಿ ರಸ್ತೆಯ ಆಚೀಚೆ ಇದ್ದೂ ಇಬ್ಬರೂ ಮಾತಾಡಲಿಲ್ಲ.

ಅಣ್ಣನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ನಾಲಿಗೆ ಮೂರೂ ಬಿದ್ದುಹೋದವು. ಉಳಿದದ್ದು ಅವನ ಹಳೆಯ ಪೆಟ್ರೋಲ್ ಟ್ರಕ್ಕು, ಅದೂ ಇಂಜೆಕ್ಷನ್ನಿನದೇ. ಅತ್ತಿಗೆ ಸ್ಟಿಯರಿಂಗ್ ಹಿಡಿದಳು. ಫ್ಯಾಕ್ಟರಿಯಿಂದ ಮೀನು ಮಾರ್ಕೆಟ್ಟಿಗೆ ಐಸ್ ಗಡ್ಡೆ ಸಾಗಿಸತೊಡಗಿದಳು. ಬಿಸಿಲು ಏರಿದಂತೆ ಗಾಡಿ ನಡುರಸ್ತೆಯಲ್ಲಿ ತಟಕ್ಕನೆ ನಿಲ್ಲುತ್ತಿತ್ತು. ಹಿಂದೆ ಹಾರ್ನು, ಚಕ್ರದ ಬುಡದಲ್ಲಿ ಕರಗಿದ ಐಸಿನ ನೀರು. ಕಂಪನಿ ಗ್ಯಾರೇಜಿನವನು ಬಾನೆಟ್ಟನ್ನು ಪೂರ್ತಿ ಎತ್ತದೆಯೇ, "ಕಂಪ್ಯೂಟರ್ ಹೋಗಿದೆ, ಈ ಮಾಡಲ್ಲಿನ ಸಾಮಾನು ಈಗ ಬರಲ್ಲ" ಅಂದುಬಿಟ್ಟ.

ಕೊನೆಗೆ ಅತ್ತಿಗೆ ರಸ್ತೆ ದಾಟಿ ಬಂದಳು. "ನಿಮ್ಮಿಬ್ಬರ ಜಗಳ ನನಗೆ ಬೇಡ. ಗಾಡಿ ಓಡಬೇಕು, ಅಷ್ಟೆ."

ಕಾರ್ಬುವಿನ ಎದೆ ಉಬ್ಬಿತು. "ಆ ಪೆಟ್ಟಿಗೆ, ಸೆನ್ಸರು, ವೈರು ಎಲ್ಲ ಕಿತ್ತು ಕಾರ್ಬುರೇಟರ್ ಕೂರಿಸಿಬಿಡ್ತೀನಿ ಅತ್ತಿಗೆ. ಮತ್ತೆ ನಿಂತ್ರೆ ನನ್ನ ಕೇಳಿ."

ಅಣ್ಣನಿಗೆ ಒಂದು ಮಾತು ಹೇಳೋಣವೆಂದು ಮನೆಗೆ ಹೋದ. ವಿಷಯ ಕೇಳುತ್ತಿದ್ದಂತೆ ಅಣ್ಣ ಬೇಡವೆಂದು ಜೋರಾಗಿ ತಲೆಯಾಡಿಸಿ, ಎಡಗೈ ಸನ್ನೆಯಲ್ಲಿ ಅತ್ತಿಗೆಯಿಂದ ಪೆನ್ಸಿಲ್ ಕೇಳಿ ತೆಗೆದುಕೊಂಡ. ಸೊಟ್ಟಸೊಟ್ಟಾಗಿ ಒಂದು ಇಂಜಿನ್ನು ಬರೆದ, ಕೆಳಗೆ ಚಾಸಿಸ್ಸು, ಎರಡರ ನಡುವೆ ದಪ್ಪ ಗೆರೆ. ಗೆರೆಯ ಮೇಲೆ ಪೆನ್ಸಿಲ್ ತುದಿ ಮುರಿಯುವ ತನಕ ಕುಟ್ಟಿದ. ನಾಲಿಗೆ ಬಿದ್ದರೂ ಇವನಿಗೆ ನನಗೆ ಪಾಠ ಹೇಳುವ ಚಟ ಹೋಗಿಲ್ಲವಲ್ಲ ಅನಿಸಿತು ಕಾರ್ಬುವಿಗೆ. "ನೀನು ಮಲ್ಕೋ ಅಣ್ಣ, ಎಲ್ಲ ನಾನು ನೋಡ್ಕೋತೀನಿ" ಎಂದು ಹೊದಿಕೆ ಸರಿಮಾಡಿ ಎದ್ದ.

ನಾಲ್ಕು ದಿನ ಹಾಡುತ್ತಾ ಕೆಲಸ ಮಾಡಿದ. ಗುಜರಿಯಲ್ಲಿ ಕಾರ್ಬುರೇಟರ್ ಕೂರಿಸಲು ಅದೇ ಇಂಜಿನ್ನಿನ ಹಳೆಯ ಮ್ಯಾನಿಫೋಲ್ಡ್ ಕೊಳವೆ ಹುಡುಕಿ ತಂದ. ಟ್ಯಾಂಕಿನೊಳಗಿನ ಜೋರು ಪಂಪ್ ತೆಗೆದು ಕಡಿಮೆ ಒತ್ತಡದ್ದನ್ನು ಹಾಕಿದ. ಕಿಡಿಯ ಲೆಕ್ಕವನ್ನೂ ಕಂಪ್ಯೂಟರೇ ನೋಡಿಕೊಳ್ಳುತ್ತಿದ್ದದ್ದರಿಂದ ಡಿಸ್ಟ್ರಿಬ್ಯೂಟರೂ ಬದಲಾಯಿತು. ಕಾರ್ಬುರೇಟರಿನ ಜೆಟ್ಟುಗಳನ್ನು ಬಾಯಲ್ಲಿ ಊದಿ ಊದಿ ಸ್ವಚ್ಛ ಮಾಡಿದ. ಕೊನೆಗೆ ಸಾಲಿನವರನ್ನೆಲ್ಲ ಕರೆದು, ಕಿತ್ತ ಕಂಪ್ಯೂಟರ್ ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ನಾಲ್ಕು ಬಾರಿಸಿದ. ಬ್ಯಾಟರಿ ಅಂಗಡಿಯವನು "ಶಾಂತಿ ಸಿಕ್ತಾ ಮಾರಾಯ?" ಅಂದ. ಎಲ್ಲರೂ ನಕ್ಕರು. ಉಳಿದ ಸಾಮಾನು ಗುಜರಿಗೆ ಹೋಯಿತು.

ಎರಡು ದಿನ ಗಾಡಿ ಬೆಣ್ಣೆಯ ಹಾಗೆ ಓಡಿತು. ಮೂರನೆಯ ಮಧ್ಯಾಹ್ನ, ಐಸ್ ತುಂಬಿಕೊಂಡು ಬರುವಾಗ, ತಟಕ್ಕನೆ ನಿಂತಿತು. ಹಿಂದೆ ನಿಲ್ಲುತ್ತಿದ್ದ ಹಾಗೆಯೇ.

ಕಾರ್ಬು ಓಡಿ ಬಂದ. ಅತ್ತಿಗೆ ಸ್ಟಾರ್ಟರ್ ತಿರುಗಿಸಿದಳು. ಅವನ ಕೈ ಕಾರ್ಬುರೇಟರಿನ ಚೋಕ್ ಎಳೆಯುವ ಲೋಹದ ಕೇಬಲ್ ಮೇಲಿತ್ತು. ಕೇಬಲ್ ಚುರ್ ಎಂದು ಕೈ ಸುಟ್ಟಿತು. ಕೈ ಜಾಡಿಸಿಕೊಂಡವನಿಗೆ ತಕ್ಷಣ ಹೊಳೆಯಿತು. ಇಂಜಿನ್ನಿನಿಂದ ಬ್ಯಾಟರಿಗೆ ಮರಳಲು ಬೇರೆ ದಾರಿಯಿಲ್ಲದೆ ಕರೆಂಟು ಕೇಬಲ್ಲಿನಲ್ಲಿ ಹರಿಯುತ್ತಿತ್ತು. ಗಾಡಿಯ ಕೆಳಗೆ ನುಸುಳಿ ಇಂಜಿನ್ನಿನ ಹಿಂಬದಿ ತಡಕಿದ. ಇಂಜಿನ್ನಿನಿಂದ ಚಾಸಿಸ್ಸಿಗೆ ಹೋಗುವ ಅರ್ಥಿಂಗ್ ಪಟ್ಟಿ ಹಸಿರು ಕಿಲುಬು ತಿಂದು ಎರಡೇ ಎಳೆಯಲ್ಲಿ ನೇತಾಡುತ್ತಿತ್ತು; ಬಿಸಿಯೇರಿದಾಗಲೆಲ್ಲ ಕರೆಂಟು ತಪ್ಪುತ್ತಿದ್ದದ್ದು ಅಲ್ಲೇ. ಅಂಗೈಯುದ್ದದ ಹೊಸ ಪಟ್ಟಿ ಹಾಕಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

"ಏನಾಗಿತ್ತು?" ಅತ್ತಿಗೆ ಕೇಳಿದಳು.

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. ಪಟ್ಟಿ ತೋರಿಸಿದ.

ಅವಳು ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. "ಇದನ್ನೇ ಅಲ್ವಾ ಅವರು ಬರೆದು ತೋರಿಸಿದ್ದು? ಹಾಗಾದ್ರೆ ಕಂಪ್ಯೂಟರು ಚೆನ್ನಾಗೇ ಇತ್ತು."

"ಹೂಂ."

"ಅದೆಲ್ಲಿದೆ ಈಗ?"

ಅವನು ಕೈಯ ಕಿಲುಬನ್ನು ಪ್ಯಾಂಟಿಗೆ ಒರೆಸಿಕೊಂಡ. ಸುತ್ತಿಗೆಯ ಸದ್ದು ಅವಳ ಮನೆಗೂ ಕೇಳಿಸಿತ್ತು.

ಆಮೇಲೆ ಗಾಡಿ ನಿಲ್ಲಲಿಲ್ಲ, ಆದರೆ ಪೆಟ್ರೋಲನ್ನು ನೀರಿನ ಹಾಗೆ ಕುಡಿಯಿತು. ಹೊಗೆ ತಪಾಸಣೆಗೆ ಒಯ್ದಾಗ ಇನ್‌ಸ್ಪೆಕ್ಟರು ಬಾನೆಟ್ ಎತ್ತಿಸಿ, "ದಾಖಲೆಯಲ್ಲಿ ಇಂಜೆಕ್ಷನ್ ಅಂತಿದೆ, ಇಲ್ನೋಡಿದ್ರೆ ಇದು. ರಸ್ತೆಗೆ ಬಿಡೋಕಾಗಲ್ಲಮ್ಮ" ಅಂದು ಚೀಟಿ ಹರಿದು ಕೊಟ್ಟರು. ಕಾರ್ಬು ಮೂರು ಊರಿನ ಗುಜರಿ ಜಾಲಾಡಿದ. ಅಂಥ ಕಂಪ್ಯೂಟರ್ ಪೆಟ್ಟಿಗೆ ಇನ್ನೊಂದು ಸಿಗಲಿಲ್ಲ. ಟ್ರಕ್ಕನ್ನು ಹಳೆ ಗಾಡಿ ಬಿಚ್ಚಿ ಬಿಡಿಭಾಗ ಮಾರುವವನು ಎಳೆದುಕೊಂಡು ಹೋದ. ಅತ್ತಿಗೆ ಅದೇ ಐಸ್ ಫ್ಯಾಕ್ಟರಿಯಲ್ಲಿ ಗಡ್ಡೆ ಜೋಡಿಸುವ ಕೆಲಸಕ್ಕೆ ಸೇರಿದಳು. ತಿಂಗಳೊಳಗೆ ಅವಳ ಬೆರಳುಗಳು ಒಡೆದು ಕೆಂಪಾದವು.

"ಗಾಡಿ ಎಲ್ಲಿ ಅಂತ ನಿನ್ನ ಅಣ್ಣ ದಿನಾ ಕಣ್ಣಲ್ಲೇ ಕೇಳ್ತಾರೆ" ಅಂದಳು ಒಂದು ಸಂಜೆ, ಶೆಡ್ಡಿನ ಬಾಗಿಲಲ್ಲಿ ನಿಂತು. "ನಾನು ಹೇಳಲ್ಲ. ನೀನೇ ಹೇಳು."

ಕಾರ್ಬು ಹೋಗಿ ಮಂಚದ ಪಕ್ಕ ಕೂತ. ಪಟ್ಟಿ, ಪೆಟ್ಟಿಗೆ, ಸುತ್ತಿಗೆ ಒಂದನ್ನೂ ಬಿಡದೆ ಹೇಳಿದ. ಅಣ್ಣ ಚಾವಣಿ ನೋಡುತ್ತ ಕೇಳಿಸಿಕೊಂಡ. ಕೊನೆಗೆ ಎಡಗೈ ಮೆಲ್ಲಗೆ ಮೇಲೆದ್ದಿತು. ಹೊಡೆಯಲಿ ಎಂದು ಕಾರ್ಬು ಕೆನ್ನೆ ಮುಂದೆ ಮಾಡಿದ. ಕೈ ಅವನನ್ನು ದಾಟಿ ಗೋಡೆಯ ಸ್ವಿಚ್ಚು ತೋರಿಸಿತು. ಸೆಕೆ. ಕಾರ್ಬು ಎದ್ದು ಫ್ಯಾನ್ ಹಾಕಿದ. ಅಣ್ಣ ಕಣ್ಣು ಮುಚ್ಚಿದ. ಕಾರ್ಬು ಹೊರಡುವ ತನಕ ಮತ್ತೆ ತೆರೆಯಲಿಲ್ಲ, ನಿದ್ದೆಯಂತೂ ಬಂದಿರಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಬರ್ತೀನಿ ಅತ್ತಿಗೆ" ಅಂದ.

"ಹೋಗು" ಅಂದಳು ಅವಳು. ಹೋಗಿ ಬಾ ಅನ್ನಲಿಲ್ಲ.